ಹಳ್ಳ ಹಸನಾಯಿತು, ಅಲ್ಲಿ ಕಟ್ಟಿದ್ದು ಎಷ್ಟು ವರ್ಷ ಬಾಳುತ್ತದೆ?

2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳದ ಪುನಶ್ಚೇತನಕ್ಕೆ ಮುಂದೆ ನಿಂತರು. ಜಾಲಿ, ಜೊಂಡು, ಹೂಳು, ಕಸ ತುಂಬಿ ಹಳ್ಳ ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಅಂತ ತಿಳಿಯದ ಸ್ಥಿತಿ ಇತ್ತು. ದಂಡೆಯ ಊರಿನ ಜನ ದುಡಿದರು, ಕೈಲಾದಷ್ಟು ದುಡ್ಡು ಹಾಕಿದರು. ಇಪ್ಪತ್ತು ಕಿಲೋಮೀಟರ್‌ಗೂ ಜಾಸ್ತಿ ಉದ್ದಕ್ಕೆ ನೀರಿಗೆ ಮತ್ತೆ ದಾರಿ ಸಿಕ್ಕಿತು. ಜನ ಮನಸ್ಸು ಮಾಡಿದರೆ ಹಳ್ಳ ಉಳಿಯುತ್ತದೆ ಅನ್ನೋ ಧೈರ್ಯ ಈ ಭಾಗಕ್ಕೆ ಬಂತು.

ಹಸನು ಮಾಡುವುದು ಮೊದಲ ಕೆಲಸ. ಅದರ ಬೆನ್ನಿಗೇ ಕಟ್ಟುವ ಕೆಲಸ ಬರುತ್ತದೆ. ಚೆಕ್ ಡ್ಯಾಂ, ಹಲಗೆ ಹಾಕಿ ನೀರು ನಿಲ್ಲಿಸುವ ಬಾಂದಾರ, ದಂಡೆ ಕೊರೆಯದಂತೆ ಕಲ್ಲು ಹಾಸುವ ಪಿಚಿಂಗ್, ತಂತಿ ಬಲೆಯೊಳಗೆ ಕಲ್ಲು ತುಂಬಿದ ಗೇಬಿಯನ್ ಒಡ್ಡು, ನೀರು ನಿಲ್ಲಲಿ ಅಂತ ತೋಡಿದ ಮಡು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳ ಹಳ್ಳಗಳಲ್ಲಿ ಇಂಥವು ಬೇಕಾದಷ್ಟಿವೆ. ಕಟ್ಟಿ ಮುಗಿಸಿದ ದಿನ ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತವೆ. ಆದರೆ ಇಪ್ಪತ್ತು ವರ್ಷ ಬಿಟ್ಟು ನೋಡಿದರೆ ಎಷ್ಟು ಉಳಿದಿರುತ್ತವೆ? ಉಳಿದಿದ್ದರೂ ಮೀನಿಗೆ, ಕಪ್ಪೆಗೆ, ದಂಡೆಯ ಬಾವಿಗೆ, ಬೋರ್‌ವೆಲ್‌ಗೆ ಅವುಗಳಿಂದ ಏನಾದರೂ ಉಪಯೋಗ ಆಗುತ್ತಿರುತ್ತದಾ? ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ನಾವು ಹೆಚ್ಚಾಗಿ ಮೊದಲನೆಯದನ್ನೇ ಕೇಳುತ್ತೇವೆ, ಅದನ್ನೂ ಅರ್ಧಕ್ಕೇ ಬಿಡುತ್ತೇವೆ. ಎರಡನೆಯದನ್ನು ಕೇಳದೆ ಹೋದರೆ ಜನರ ದುಡಿಮೆ ಹೂಳಿನಡಿ ಹೋಗುತ್ತದೆ ಅನ್ನೋದು ನನ್ನ ಆತಂಕ.

ಎಣಿಸಿ ನೋಡಿದವರಿಗೆ ಕಂಡಿದ್ದು

ಅಮೆರಿಕದಲ್ಲಿ ಈ ಪ್ರಶ್ನೆಗೆ ತೊಂಬತ್ತು ವರ್ಷದ ಅನುಭವ ಇದೆ. 1933ರಿಂದ 1942ರವರೆಗೆ ಅಲ್ಲಿ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಸರ್ಕಾರಿ ಯೋಜನೆ ನಡೆಯಿತು. ಆರ್ಥಿಕ ಕುಸಿತದಲ್ಲಿ ಕೆಲಸ ಇಲ್ಲದೆ ಕೂತಿದ್ದ ಯುವಕರಿಗೆ ಕೂಲಿ ಕೊಟ್ಟು ಕಾಡು, ಮಣ್ಣು, ನೀರಿನ ಕೆಲಸ ಮಾಡಿಸಿದರು. ಆ ಹುಡುಗರು ಹಳ್ಳಗಳಿಗೂ ಇಳಿದರು. ಮರದ ದಿಮ್ಮಿ, ಬಂಡೆ ಅಡ್ಡ ಹಾಕಿ ಮೀನುಗಳಿಗೆ ಮಡು ಮಾಡಿಕೊಟ್ಟರು. ಕನೆಕ್ಟಿಕಟ್ ರಾಜ್ಯದ ಬ್ಲಾಕ್‌ಲೆಜ್ ಮತ್ತು ಸಾಲ್ಮನ್ ನದಿಗಳಲ್ಲಿ 1930 ಮತ್ತು 1950ರ ದಶಕಗಳಲ್ಲಿ ಹಾಕಿದ ಇಂಥ ರಚನೆಗಳನ್ನು ಸುಮಾರು ಅರ್ಧ ಶತಮಾನದ ಮೇಲೆ ಮತ್ತೆ ಹೋಗಿ ಅಳೆದರು. ಎಷ್ಟೋ ಇನ್ನೂ ಅಲ್ಲೇ ಇದ್ದವು. ಆದರೆ ಅವು ಹೊಳೆಯ ಆಕಾರವನ್ನೇ ಬದಲಿಸಿದ್ದವು, ಕೆಲವು ಕಡೆ ದಂಡೆಯ ಮರದ ನೆರಳು ಕಡಿಮೆಯಾಗಿತ್ತು. ಮೀನಿಗೆ ಒಳ್ಳೆಯದಾಗಲಿ ಅಂತ ಶುರುವಾದ ಕೆಲಸ ಮೀನಿಗೆ ಬೇಕಾದ ನೆರಳನ್ನೇ ತಿಂದಿತ್ತು.

1992ರಲ್ಲಿ ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಒಂದು ಅಧ್ಯಯನ ಬಂತು. 15 ಹಳ್ಳಗಳಲ್ಲಿ 161 ರಚನೆಗಳು. ಎರಡರಿಂದ ಹತ್ತು ವರ್ಷಕ್ಕೊಮ್ಮೆ ಬರುವಂಥ ನೆರೆ ಹೋದ ಮೇಲೆ ನೋಡಿದ್ದು. ಹಳ್ಳದಿಂದ ಹಳ್ಳಕ್ಕೆ ತುಂಬ ವ್ಯತ್ಯಾಸ ಇತ್ತು. ಎಲ್ಲ ಹಳ್ಳಗಳ ಲೆಕ್ಕ ಸಾಲಾಗಿ ಇಟ್ಟು ನಡುವಿನದನ್ನು ಹಿಡಿದರೆ ಪೂರ್ತಿ ಸೋತವು ಶೇ. 18.5. ಸೋತವು ಮತ್ತು ಕೆಲಸ ಕೆಟ್ಟವು ಎರಡನ್ನೂ ಸೇರಿಸಿದರೆ ಶೇ. 60.

ಆರು ವರ್ಷದ ನಂತರ, 1998ರಲ್ಲಿ, ಅದೇ ಸೀಮೆಯಿಂದ ಇನ್ನೂ ದೊಡ್ಡ ಲೆಕ್ಕ ಬಂತು. 94 ಹಳ್ಳ, 3946 ರಚನೆ. ಐದು ವರ್ಷಕ್ಕೊಮ್ಮೆ ಬರುವುದಕ್ಕಿಂತ ದೊಡ್ಡ ನೆರೆಗಳನ್ನು ಕಂಡವು. ಇಲ್ಲಿ ಜಾಗ ಬಿಟ್ಟು ಕೊಚ್ಚಿಹೋದವು ಶೇ. 20ಕ್ಕಿಂತ ಕಡಿಮೆ.

ಒಂದು ಲೆಕ್ಕ ಹೆದರಿಸುತ್ತದೆ, ಇನ್ನೊಂದು ಸಮಾಧಾನ ಹೇಳುತ್ತದೆ. ಯಾವುದನ್ನು ನಂಬೋದು? ಎರಡನ್ನೂ ನಂಬಬಹುದು. ಕೊಚ್ಚಿಹೋದವನ್ನು ಮಾತ್ರ ಎಣಿಸಿದರೆ ಎರಡೂ ಅಧ್ಯಯನಗಳು ಹತ್ತಿರ ಹತ್ತಿರ ಬರುತ್ತವೆ. ದೂರ ಆಗುವುದು ನಿಂತಿದ್ದೂ ಕೆಲಸ ಮಾಡದವನ್ನು ಸೇರಿಸಿಕೊಂಡಾಗ. ಹೂಳಲ್ಲಿ ಮುಳುಗಿದ್ದು, ನೀರು ಪಕ್ಕಕ್ಕೆ ಸರಿದು ಒಣಗಿದ ಜಾಗದಲ್ಲಿ ಒಂಟಿಯಾಗಿ ಉಳಿದದ್ದು, ಬುಡ ಕೊರೆದು ನೀರು ಕೆಳಗಿಂದ ಹೋಗುತ್ತಿರುವುದು. ಇವೆಲ್ಲ ಕಾಗದದ ಮೇಲೆ 'ಇದೆ' ಅಂತಲೇ ಬರುತ್ತವೆ. ನಮ್ಮ ಕಡೆ ಚೆಕ್ ಡ್ಯಾಂ ಎಷ್ಟಿವೆ ಅಂತ ಕೇಳಿದಾಗ ಸಿಗುವ ಸಂಖ್ಯೆಯೂ ಇಂಥದ್ದೇ.

ಆ ಎರಡು ಅಧ್ಯಯನಗಳಲ್ಲಿ ನಮಗೆ ನೇರವಾಗಿ ತಾಗುವ ಇನ್ನೆರಡು ಸಂಗತಿ ಇವೆ. 1992ರದ್ದರಲ್ಲಿ ಹಾನಿ ಜಾಸ್ತಿ ಆಗಿದ್ದು ಇಳಿಜಾರು ಕಡಿಮೆ ಇರುವ ಕಡೆ, ಮೇಲಿನ ಜಲಾನಯನ ಕೆಟ್ಟಿರುವ ಕಡೆ, ಮಣ್ಣು ಮರಳು ಹೆಚ್ಚು ಹರಿದು ಬರುವ ಕಡೆ, ದಂಡೆ ನಿಲ್ಲದೆ ಕುಸಿಯುವ ಕಡೆ. 1998ರದ್ದರಲ್ಲಿ ದೊಡ್ಡ ಹೊಳೆಗಳಲ್ಲಿ ಹಾಕಿದವು ಸಣ್ಣ ಹಳ್ಳದವಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚು ಕೊಚ್ಚಿಹೋಗಿದ್ದವು. ಅಂದರೆ ರಚನೆಯ ಆಯುಷ್ಯವನ್ನು ನಿರ್ಧರಿಸುವುದರಲ್ಲಿ ಸಿಮೆಂಟಿನ ಗುಣಮಟ್ಟದಷ್ಟೇ ಪಾಲು ಅದರ ಮೇಲಿರುವ ಹೊಲಗಳದ್ದು, ಗುಡ್ಡಗಳದ್ದು. ಎಲ್ಲಿ ಕಟ್ಟಿದೆ ಅನ್ನೋದು ಎಷ್ಟು ಗಟ್ಟಿ ಕಟ್ಟಿದೆ ಅನ್ನೋದಕ್ಕಿಂತ ಮುಂಚೆ ಬರುತ್ತದೆ.

ತೀರ ಚಿಕ್ಕ ಆಯುಷ್ಯದ ಉದಾಹರಣೆಯೂ ಇದೆ. ಕ್ಯಾಲಿಫೋರ್ನಿಯಾದ ಯುವಾಸ್ ಕ್ರೀಕ್ ಅನ್ನು 1995ರ ನವೆಂಬರ್‌ನಲ್ಲಿ ಹೊಸದಾಗಿ ಬಳುಕು ದಾರಿ ಮಾಡಿ ಪುನರ್ನಿರ್ಮಿಸಿದರು. 1996ರ ಫೆಬ್ರವರಿಯ ನೆರೆಗೆ ಅದು ಹೋಯಿತು. ಬಂದದ್ದೇನೂ ಶತಮಾನದ ನೆರೆ ಅಲ್ಲ, ಆರು ವರ್ಷಕ್ಕೊಮ್ಮೆ ಬರುವಂಥದ್ದು. ಆ ಹೊಳೆ ಎಂದೂ ಹರಿಯದ ಆಕಾರವನ್ನು ಪುಸ್ತಕ ನೋಡಿ ಅದಕ್ಕೆ ತೊಡಿಸಿದ್ದರು.

ನಮ್ಮ ಮಳೆ, ನಮ್ಮ ಮಣ್ಣು

ಅಮೆರಿಕದ ಟ್ರೌಟ್ ಮೀನು ಇರುವ ಹೊಳೆಗಳಲ್ಲಿ ವರ್ಷವಿಡೀ ತಣ್ಣನೆ ನೀರು ಹರಿಯುತ್ತದೆ. ನಮ್ಮ ಹಳ್ಳಗಳ ಜೀವನವೇ ಬೇರೆ. ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಅದೂ ಕೆಲವೇ ದಿನಗಳಲ್ಲಿ, ಹೆಚ್ಚಾಗಿ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಮಧ್ಯಾಹ್ನ ಉಸುಕು ಒಣಗಿ ಬೆಳ್ಳಗಿದ್ದ ಹಳ್ಳ ಸಂಜೆ ಮೇಲೆ ಮಳೆಯಾದರೆ ದಂಡೆ ಮುಟ್ಟಿ ಬರುತ್ತದೆ. ಎರಡು ದಿನಕ್ಕೆ ಇಳಿಯುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯನ್ನು ಈ ಮೂರು ಜಿಲ್ಲೆಗಳಲ್ಲಿ ಮರೆತವರಿಲ್ಲ. ಬರದ ಸೀಮೆ ಅಂತ ಹೆಸರಾದ ಕಡೆಯೇ ಊರಿಗೆ ಊರು ನೀರಲ್ಲಿ ನಿಂತಿತ್ತು.

ಇಂಥ ಕಡೆ 'ಹತ್ತು ವರ್ಷಕ್ಕೊಮ್ಮೆ ಬರುವ ನೆರೆ' ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಳ್ಳಬೇಕು. ಒಂದು ಸಲ ಬಂದರೆ ಇನ್ನು ಹತ್ತು ವರ್ಷ ನಿಶ್ಚಿಂತೆ ಅಂತ ಅರ್ಥ ಅಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ನೂರಕ್ಕೆ ಹತ್ತು. ಹೀಗೆ ಲೆಕ್ಕ ಹಾಕಿದರೆ ಇಪ್ಪತ್ತು ವರ್ಷದೊಳಗೆ ಒಮ್ಮೆಯಾದರೂ ಅಂಥ ನೆರೆ ಬರುವ ಸಾಧ್ಯತೆ ನೂರಕ್ಕೆ 88. ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ನೆರೆಯಾದರೆ ನೂರಕ್ಕೆ 56. ಐವತ್ತು ವರ್ಷದ್ದೂ ಇಪ್ಪತ್ತು ವರ್ಷದ ಅವಧಿಯಲ್ಲಿ ನೂರಕ್ಕೆ 33ರಷ್ಟು ಬರಬಹುದು. ಹಳ್ಳದಲ್ಲಿ ಏನೇ ಇಡಲಿ, ಅದು ತನ್ನ ಆಯುಷ್ಯದಲ್ಲಿ ಒಂದು ದೊಡ್ಡ ಹಳ್ಳವನ್ನು, ಅಂದರೆ ತುಂಬಿ ಬರುವ ನೆರೆಯನ್ನು, ಕಂಡೇ ಕಾಣುತ್ತದೆ ಅಂದುಕೊಂಡೇ ಕಟ್ಟಬೇಕು.

ಮಣ್ಣಿನ ಮಾತು ಇನ್ನೂ ಮುಖ್ಯ. ಎರೆ ಭೂಮಿ, ಅಂದರೆ ಕಪ್ಪು ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಎರೆ ಹೊಲಕ್ಕೆ ಹೋದವರಿಗೆ ಗೊತ್ತು, ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಕಾಂಕ್ರೀಟ್ ಹಾಗೆ ಉಬ್ಬುವುದಿಲ್ಲ, ಕುಗ್ಗುವುದಿಲ್ಲ. ಹಾಗಾಗಿ ಎರೆ ದಂಡೆಗೆ ಕಾಂಕ್ರೀಟ್ ಗೋಡೆ ತಾಗಿಸಿ ನಿಲ್ಲಿಸಿದರೆ ಪ್ರತಿ ಬೇಸಿಗೆಯಲ್ಲೂ ಇವೆರಡರ ನಡುವೆ ಸಂದು ಬೀಳುತ್ತದೆ. ಚೆಕ್ ಡ್ಯಾಂ ಸಾಯುವುದು ಹೆಚ್ಚಾಗಿ ಆ ಸಂದಿನಿಂದ.

ಒಂದು ಚೆಕ್ ಡ್ಯಾಂ ಹೇಗೆ ಸೋಲುತ್ತದೆ

ಎರೆ ಹೊಲಗಳ ನಡುವಿನ ಹಳೆಯ ಚೆಕ್ ಡ್ಯಾಂ ಯಾವುದಾದರೂ ಒಂದನ್ನು ಹತ್ತಿರ ಹೋಗಿ ನೋಡಿ. ನಡುಗೋಡೆಗೆ ಏನೂ ಆಗಿರುವುದಿಲ್ಲ. ಅದರ ಮೇಲೆ ಕೂತು ಹುಡುಗರು ಗಾಳ ಹಾಕುವಷ್ಟು ಗಟ್ಟಿ ಇರುತ್ತದೆ. ನೋಡಬೇಕಾದ್ದು ಎರಡು ತುದಿಗಳನ್ನು. ದಂಡೆಯೊಳಗೆ ಹುಗಿದ ವಿಂಗ್ ವಾಲ್ ಹಿಂದೆ ಮಣ್ಣು ಇಳಿದಿರುತ್ತದೆ. ಮೊದಲ ವರ್ಷ ಅಲ್ಲಿ ಇಲಿ ಬಿಲದಷ್ಟು ತೂತು. ಮುಂದಿನ ಹಳ್ಳಕ್ಕೆ ಒಬ್ಬ ಮನುಷ್ಯ ನುಗ್ಗುವಷ್ಟು ದಾರಿ. ಆಮೇಲೆ ಒಂದು ರಾತ್ರಿ ಹಳ್ಳ ಪೂರ್ತಿ ಅತ್ತ ಕಡೆ ತಿರುಗುತ್ತದೆ. ಪಕ್ಕದ ಹೊಲದ ಹತ್ತಿಪ್ಪತ್ತು ಸಾಲು ಬೆಳೆ ಮಣ್ಣಿನ ಸಮೇತ ಹೋಗುತ್ತದೆ. ಬೆಳಗ್ಗೆ ನೋಡಿದರೆ ಗೋಡೆ ಗೋಡೆಯಾಗೇ ಇರುತ್ತದೆ, ಹಳ್ಳ ಮಾತ್ರ ಪಕ್ಕದಲ್ಲಿ ಹರಿಯುತ್ತಿರುತ್ತದೆ. ಆ ರೈತನಿಗೆ ಆದ ನಷ್ಟಕ್ಕೆ ಯಾವ ಲೆಕ್ಕದಲ್ಲೂ ಜಾಗ ಇಲ್ಲ.

ಇನ್ನೊಂದು ದಾರಿ ಬುಡದಿಂದ. ಗೋಡೆ ಹತ್ತಿ ಧುಮುಕುವ ನೀರಿಗೆ ಜೋರು ಇರುತ್ತದೆ. ಮೇಲೆ ಹೂಳು ಇಳಿಸಿ ಬಂದ ನೀರು ಕೆಳಗೆ ಮಣ್ಣಿಗೆ ಹಸಿದಿರುತ್ತದೆ. ಕೆಳಗಿನ ಕಾಂಕ್ರೀಟ್ ಹಾಸು ಚಿಕ್ಕದಿದ್ದರೆ ಅದರ ತುದಿಯಲ್ಲಿ ಗುಂಡಿ ಬೀಳುತ್ತದೆ. ಗುಂಡಿ ಹಿಂದಕ್ಕೆ ಸರಿಯುತ್ತ ಬುಡದವರೆಗೆ ಬರುತ್ತದೆ. ಹಳ್ಳದ ಕೆಳಗಡೆ ಯಾರಾದರೂ ಟ್ರಾಕ್ಟರ್ ಇಳಿಸಿ ಉಸುಕು ತೆಗೆಯುತ್ತಿದ್ದರಂತೂ ಮುಗಿಯಿತು. ತಳವೇ ಒಂದು ಆಳು ಕೆಳಗೆ ಹೋಗುತ್ತದೆ, ಕಟ್ಟಿದ ಗೋಡೆಯ ಪಾಯ ಗಾಳಿಗೆ ತೆರೆದುಕೊಳ್ಳುತ್ತದೆ. ಹಗರಿ ನದಿಯ ಕಡೆ, ತುಂಗಭದ್ರೆಯ ಕಡೆ ಉಸುಕಿನ ದಂಧೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಸುಕು ತೆಗೆಯುವುದನ್ನು ತಡೆಯದೆ ಅದೇ ಹಳ್ಳದಲ್ಲಿ ಚೆಕ್ ಡ್ಯಾಂ ಕಟ್ಟುವುದು ದುಡ್ಡು ಹಾಳು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಗೇಬಿಯನ್ ಬಗ್ಗೆ ಒಂದು ಮಾತು. ಅದು ಬಗ್ಗುತ್ತದೆ, ಹಾಗಾಗಿ ಎರೆ ಮಣ್ಣಿನ ಜೊತೆ ಗೋಡೆಗಿಂತ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆದರೆ ಅದರ ಆಯುಷ್ಯ ತಂತಿಯ ಆಯುಷ್ಯ. ಸತುವಿನ ಲೇಪ ಉಜ್ಜಿ ಹೋದ ಮೇಲೆ ತುಕ್ಕು ಬರುತ್ತದೆ, ಒಂದು ಕಡೆ ಹರಿದರೆ ಕಲ್ಲು ಹೊರಗೆ ಚೆಲ್ಲುತ್ತದೆ. ತಂತಿ ಹೋಗುವಷ್ಟರಲ್ಲಿ ಕಲ್ಲುಗಳ ನಡುವೆ ಮಣ್ಣು ಕೂತು ಗಿಡದ ಬೇರು ಹೆಣೆದುಕೊಂಡಿದ್ದರೆ ಮಾತ್ರ ಅದು ಮುಂದೆಯೂ ನಿಲ್ಲುತ್ತದೆ.

ಬಾಂದಾರದ ಕಥೆ ಸಿಮೆಂಟಿನದ್ದಲ್ಲ, ಹಲಗೆಯದ್ದು. ಕೊಲ್ಹಾಪುರ ಮಾದರಿ ಬಾಂದಾರದಲ್ಲಿ ಕಂಬಗಳ ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಹಲಗೆ ತೆಗೆದಿರಬೇಕು, ನೆರೆಯೂ ಹೂಳೂ ಹಾದುಹೋಗಬೇಕು. ಅಕ್ಟೋಬರ್ ಹೊತ್ತಿಗೆ ಹಳ್ಳ ಇಳಿದ ಮೇಲೆ ಹಲಗೆ ಹಾಕಬೇಕು. ತುಂಬ ಜಾಣತನದ ವಿನ್ಯಾಸ ಇದು, ಹೂಳಿನ ಸಮಸ್ಯೆಗೆ ಉತ್ತರ ಇದರೊಳಗೇ ಇದೆ. ಆದರೆ ವರ್ಷಕ್ಕೆರಡು ಸಲ ಯಾರೋ ಒಬ್ಬರು ಬಂದು ಆ ಕೆಲಸ ಮಾಡಬೇಕು. ಜೂನ್‌ನಲ್ಲಿ ತೆಗೆಯದೆ ಬಿಟ್ಟರೆ ಒಂದೇ ಮಳೆಗಾಲಕ್ಕೆ ಹೂಳು ಕೂರುತ್ತದೆ, ನೀರು ದಂಡೆ ಕೊರೆಯುತ್ತದೆ. ಅಕ್ಟೋಬರ್‌ನಲ್ಲಿ ಹಾಕದೆ ಬಿಟ್ಟರೆ ಒಂದು ಹನಿಯೂ ನಿಲ್ಲುವುದಿಲ್ಲ. ರಬ್ಬರ್ ಸೀಲ್ ಹೋದರೆ ಇಡೀ ಚಳಿಗಾಲ ಸೋರುತ್ತದೆ. ಹಲಗೆ ಕಳುವಾದ ಬಾಂದಾರಗಳೂ ಇವೆ. ಕೋಟಿಗಟ್ಟಲೆ ರೂಪಾಯಿಯ ಕಟ್ಟಡ ಕೂಲಿಯಾಳಿನ ಎರಡು ದಿನದ ಕೆಲಸ ಆಗದೆ ಸುಮ್ನೆ ನಿಂತಿರುತ್ತದೆ ಅಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ತುಂಗಭದ್ರಾ ಅಣೆಕಟ್ಟಿನ ವಿಷಯ ಇಲ್ಲಿ ನೆನಪಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟ್‌ಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಒಂದು ವಾರದೊಳಗೆ ತಾತ್ಕಾಲಿಕ ಗೇಟ್ ಕೂರಿಸಿದರು. ಎಂಜಿನಿಯರ್‌ಗಳು, ಸಿಬ್ಬಂದಿ, ಮಂಡಳಿ ಎಲ್ಲ ಇರುವ ಅಣೆಕಟ್ಟಿನಲ್ಲೇ ಒಂದು ಚೈನ್ ಹೀಗೆ ಮಾಡಿತು. ಕಾಯುವವರೇ ಇಲ್ಲದ ಹಳ್ಳದ ಬಾಂದಾರದಲ್ಲಿ ಗೇಟ್ ಎಷ್ಟು ವರ್ಷ ಸರಿ ಇರುತ್ತದೆ?

ನಿಂತಿದೆ, ಆದರೆ ಹೂಳಿನಲ್ಲಿ

ಈ ಸೀಮೆಯಲ್ಲಿ ಹೂಳಿನ ಜೋರು ಎಷ್ಟು ಅಂತ ತಿಳಿಯಲು ಅದೇ ತುಂಗಭದ್ರಾ ಜಲಾಶಯ ಸಾಕು. 1953ರಲ್ಲಿ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 105.788 ಟಿಎಂಸಿಗೆ ಇಳಿದಿದೆ. ಆ ನಷ್ಟ ತುಂಬಲು ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಸಮಾನಾಂತರ ಜಲಾಶಯದ ಪ್ರಸ್ತಾವ ಬಂದಿದೆ. ಅಷ್ಟು ದೊಡ್ಡದಕ್ಕೇ ಈ ಗತಿ. ಒಂದಾಳು ಎತ್ತರದ ಚೆಕ್ ಡ್ಯಾಂ ಹಿಂದಿನ ಜಾಗ ಎಷ್ಟು ಮಳೆಗಾಲಕ್ಕೆ ತುಂಬುತ್ತದೆ ಅನ್ನೋದು ಮೇಲಿನ ಹೊಲಗಳಿಗೆ ಬದು ಇದೆಯಾ, ಗುಡ್ಡದ ಮೇಲೆ ಹುಲ್ಲಿದೆಯಾ ಅನ್ನೋದರ ಮೇಲೆ ನಿಂತಿದೆ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗುವ ಕಾಮಗಾರಿ ಸೋಲುತ್ತದೆ. ಗುಡ್ಡದ ತಲೆಯಿಂದ ಕೆಳಕ್ಕೆ ಬರಬೇಕು ಅನ್ನೋದು ಜಲಾನಯನ ಇಲಾಖೆಯ ಹಳೆಯ ಪಾಠ. ಅದನ್ನು ಹೇಳುವವರು ಬಹಳ, ಪಾಲಿಸುವವರು ಕಡಿಮೆ.

ಜೀವಿಗಳ ದೃಷ್ಟಿಯಿಂದ ನೋಡಿದರೆ ಇನ್ನೂ ಒಂದು ತೊಡಕು. ಹೊಸ ನೀರು ಬಂದ ಕೂಡಲೇ ಮೀನು ಎದುರು ಏರುತ್ತದೆ. ಮೊಟ್ಟೆ ಇಡಲು ಮೇಲಿನ ಆಳವಿಲ್ಲದ ಜಾಗ ಹುಡುಕಿಕೊಂಡು ಹೋಗುತ್ತದೆ. ನೇರ ಕಡಿದ ಗೋಡೆ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ, ಬಲೆಗೆ ಬೀಳುತ್ತದೆ. ಅದೇ ಗೋಡೆಯ ಬದಲು ಕಲ್ಲುಗಳನ್ನು ಇಳಿಜಾರಾಗಿ ಹಾಸಿದ ಒಡ್ಡಾದರೆ ನೀರೂ ಧುಮುಕುವುದಿಲ್ಲ, ಬುಡವೂ ಕೊರೆಯುವುದಿಲ್ಲ, ಮೀನೂ ಹತ್ತಿ ಹೋಗುತ್ತದೆ. ಬಾಳಿಕೆಗೆ ಒಳ್ಳೆಯದು, ಮೀನಿಗೂ ಒಳ್ಳೆಯದು. ಇಂಥ ಕಡೆ ಎರಡು ಉದ್ದೇಶ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಜೆಸಿಬಿ ಬಗ್ಗೆಯೂ ಹೇಳಲೇಬೇಕು. ಜೆಸಿಬಿ ಇಲ್ಲದೆ ಇಷ್ಟುದ್ದದ ಹಳ್ಳಗಳನ್ನು ಬಿಡಿಸಲು ಆಗುತ್ತಿರಲಿಲ್ಲ, ಅದು ನಿಜ. ಆದರೆ ಅದು ಹಳ್ಳವನ್ನು ಉದ್ದಕ್ಕೂ ಒಂದೇ ಅಗಲ, ಒಂದೇ ಆಳದ ಕಾಲುವೆ ಮಾಡಿಬಿಡುತ್ತದೆ. ನಮ್ಮ ಹಳ್ಳಗಳಲ್ಲಿ ಮೀನು, ಏಡಿ, ಕಪ್ಪೆ ಬೇಸಿಗೆ ಕಳೆಯುವುದು ತಿರುವಿನ ಹೊರ ಅಂಚಿನ ಆಳದ ಮಡುವಿನಲ್ಲಿ. ಆ ಮಡು ಸಮ ಮಾಡಿದರೆ ಮಾರ್ಚ್‌ನಲ್ಲಿ ಅವಕ್ಕೆ ಹೋಗಲು ಜಾಗ ಇಲ್ಲ. ತೆಗೆದ ಹೂಳನ್ನು ದಂಡೆಯ ಮೇಲೆಯೇ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ಅದೇ ಹೂಳು ಹಳ್ಳಕ್ಕೆ ವಾಪಸ್. ಹೂಳನ್ನು ಕೆಂಪು ಮಣ್ಣಿನ ಮಸಾರಿ ಹೊಲಗಳಿಗೆ ಸಾಗಿಸಿದರೆ ಹೊಲಕ್ಕೂ ಗೊಬ್ಬರ, ಹಳ್ಳಕ್ಕೂ ಆಯುಷ್ಯ. ಸಾಗಿಸುವ ಟ್ರಾಕ್ಟರ್ ಬಾಡಿಗೆಯನ್ನು ಮೊದಲೇ ಅಂದಾಜಿನಲ್ಲಿ ಸೇರಿಸಬೇಕು ಅಷ್ಟೇ.

ತುಂಗಭದ್ರೆಯ ಕಲ್ಲುಗಳು

ಬಾಳಿಕೆಯ ವಿಷಯಕ್ಕೆ ನಾವು ಅಮೆರಿಕಕ್ಕೇ ಹೋಗಬೇಕಿಲ್ಲ. ವಿಜಯನಗರ ಕಾಲದ ಒಡ್ಡುಗಳು, ಕಾಲುವೆಗಳು ಆನೆಗೊಂದಿಯ ಕಡೆಗೂ ಹಂಪಿಯ ಕಡೆಗೂ ಇವತ್ತಿಗೂ ಗದ್ದೆ, ಬಾಳೆ ತೋಟಕ್ಕೆ ನೀರು ಕೊಡುತ್ತಿವೆ. ತುರ್ತಾ ಕಾಲುವೆ, ಬಸವಣ್ಣ ಕಾಲುವೆ ಹೆಸರು ಕೇಳದ ರೈತ ಆ ಕಡೆ ಇಲ್ಲ. ಆ ಒಡ್ಡುಗಳ ರೀತಿ ನೋಡಿ. ಎತ್ತರ ಕಡಿಮೆ. ನದಿಯಲ್ಲಿ ಮೊದಲೇ ಇದ್ದ ಬಂಡೆಗಳನ್ನು ಜೋಡಿಸಿಕೊಂಡು, ಅವುಗಳ ನಡುವಿನ ಸಂದಿಗೆ ಕಲ್ಲು ತುಂಬಿ ಓರೆಯಾಗಿ ಹೋಗುತ್ತವೆ. ದೊಡ್ಡ ನೆರೆ ಬಂದರೆ ಮೇಲಿಂದ ಹರಿದು ಹೋಗುತ್ತದೆ, ಒಡ್ಡು ಅದಕ್ಕೆ ಎದುರು ನಿಲ್ಲಲು ಹೋಗುವುದಿಲ್ಲ. ಒಂದೆರಡು ಕಲ್ಲು ಕದಲಿದರೆ ಮತ್ತೆ ಇಡಬಹುದು.

ಮತ್ತೆ ಇಡಬಹುದು ಅನ್ನೋದೇ ಗುಟ್ಟು. ಐದು ನೂರು ವರ್ಷ ಅವು ತಾವಾಗಿಯೇ ನಿಂತಿಲ್ಲ. ಕಾಲುವೆ ನೀರು ಬಂದ್ ಮಾಡಿ ದುರಸ್ತಿ ಮಾಡುವ ರೂಢಿ ತಲೆಮಾರುಗಳಿಂದ ನಡೆದುಬಂದಿದೆ. ಇತ್ತೀಚೆಗೆ ವಿಜಯನಗರ ಕಾಲುವೆಗಳ ಆಧುನೀಕರಣಕ್ಕೆ ಏಷ್ಯಾ ಅಭಿವೃದ್ಧಿ ಬ್ಯಾಂಕ್‌ನ ಸಾಲ ಬಂದಿತು. ಒಡ್ಡು ಉಳಿದದ್ದು ಅದರಿಂದ ನೀರು ಪಡೆಯುವವರು ಕೈ ಬಿಡದೆ ಇದ್ದುದರಿಂದ.

ಅದೇ ನದಿಯಲ್ಲಿ ಅಣೆಕಟ್ಟಿನಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ನೀರುನಾಯಿಗಳು ಗೂಡು ಮಾಡುವುದು, ಮೈ ಒಣಗಿಸಿಕೊಳ್ಳುವುದು ಬಂಡೆಗಳ ಸಂದಿನಲ್ಲಿ, ದಂಡೆಯ ಪೊದೆಗಳಲ್ಲಿ. ಆ ಬಂಡೆಗಳನ್ನು ಯಾರೂ ತಂದು ಇಟ್ಟಿಲ್ಲ. ಎಷ್ಟೇ ಖರ್ಚು ಮಾಡಿದರೂ ಅದರಷ್ಟು ಬಾಳುವ ಆವಾಸವನ್ನು ನಾವು ಕಟ್ಟಲಾರೆವು. ಹೊಸದನ್ನು ಕಟ್ಟುವ ಮುಂಚೆ ಹಳ್ಳದಲ್ಲಿ ಈಗಾಗಲೇ ಇರುವ ಬಂಡೆ, ಮಡು, ದಂಡೆಯ ಹಳೇ ಮರ ಇವುಗಳ ಪಟ್ಟಿ ಮಾಡಿ, ಇವನ್ನು ಮುಟ್ಟಬಾರದು ಅಂತ ಗುರುತು ಹಾಕಬೇಕು. ಅಂದಾಜು ಪತ್ರಿಕೆಯ ಮೊದಲ ಸಾಲು ಇದೇ ಆಗಬೇಕು ಅಂತ ನನ್ನ ಆಸೆ.

ಜಾಲಿ ತೆಗೆದ ಮೇಲೆ

ಪಶ್ಚಿಮದ ದೇಶಗಳಲ್ಲಿ ಮರದ ದಿಮ್ಮಿ ತುಂಬ ಬಳಸುತ್ತಾರೆ. ಸದಾ ನೀರಿನಲ್ಲಿ ಮುಳುಗಿದ ಮರ ದಶಕಗಟ್ಟಲೆ ಕೆಡುವುದಿಲ್ಲ. ನೆನೆದು ಒಣಗಿ, ನೆನೆದು ಒಣಗಿ ಆದರೆ ಬೇಗ ಹೋಗುತ್ತದೆ. ನಮ್ಮ ಹಳ್ಳ ವರ್ಷದ ಬಹುಪಾಲು ಒಣಗಿರುತ್ತದೆ, ಮೇಲಿಂದ ಗೆದ್ದಲು. ಹಾಗಾಗಿ ದಿಮ್ಮಿಯ ತಂತ್ರ ಇಲ್ಲಿ ನಡೆಯದು. ಬದುಕಿರುವ ಬೇರು ನಡೆಯುತ್ತದೆ. ಲಾವಂಚದ ಬೇರು ಮೂರು ಮೀಟರ್‌ವರೆಗೆ ಆಳಕ್ಕೆ ಇಳಿಯುತ್ತದೆ. ಲಕ್ಕಿ, ಹೊಂಗೆ, ಅತ್ತಿ, ನೇರಳೆ ನಮ್ಮ ಹಳ್ಳದ ದಂಡೆಗೆ ಹೊಸಬರಲ್ಲ. ಕಾಂಕ್ರೀಟ್ ಗೋಡೆ ಮೊದಲ ಕೆಲವು ವರ್ಷ ಗಟ್ಟಿ ಇದ್ದು ಆಮೇಲೆ ಸವೆಯುತ್ತ ಹೋಗುತ್ತದೆ ಅಂತ ಹೇಳಬಹುದು. ಮರ ವರ್ಷ ಕಳೆದಂತೆ ಬಲಿಯುತ್ತದೆ.

ಬಳ್ಳಾರಿ ಜಾಲಿ ಇಲ್ಲಿ ದೊಡ್ಡ ಸವಾಲು. 19ನೇ ಶತಮಾನದಲ್ಲಿ ಹೊರದೇಶದಿಂದ ತಂದ ಈ ಗಿಡ ಈಗ ಹಳ್ಳ, ಕೆರೆ, ಗೋಮಾಳ ಎಲ್ಲ ಕಡೆ ಹಬ್ಬಿದೆ. ಮೇಲೆ ಕಡಿದರೆ ಬುಡದಿಂದ ಹತ್ತು ಟಿಸಿಲು ಬರುತ್ತದೆ. ಕುರಿ, ಮೇಕೆ, ದನ ಕಾಯಿ ತಿಂದು ಬೀಜ ಹರಡುತ್ತವೆ. ಬುಡ ಸಮೇತ ಕಿತ್ತರೆ ಮಾತ್ರ ಹೋಗುತ್ತದೆ. ಆದರೆ ಹತ್ತಾರು ವರ್ಷದಿಂದ ಆ ದಂಡೆಯ ಮಣ್ಣನ್ನು ಹಿಡಿದಿರುವುದೂ ಅದರ ಬೇರೇ. ಒಂದೇ ಬೇಸಿಗೆಯಲ್ಲಿ ಎಲ್ಲ ಕಿತ್ತು ದಂಡೆ ಬರಿದು ಬಿಟ್ಟರೆ ಮೊದಲ ಹಳ್ಳಕ್ಕೇ ದಂಡೆ ಕುಸಿಯುತ್ತದೆ. ಹರಿವಿನ ನಡುವಿನದನ್ನು ಮೊದಲು ತೆಗೆದು, ದಂಡೆಯದನ್ನು ತುಂಡು ತುಂಡಾಗಿ, ತೆಗೆದ ಕಡೆ ಅದೇ ಜೂನ್‌ನಲ್ಲಿ ಸಸಿ ಹಚ್ಚುತ್ತ ಹೋಗಬೇಕು. ಸಸಿಗೆ ಎರಡು ಮೂರು ಬೇಸಿಗೆ ನೀರು, ಕುರಿಗಳಿಂದ ಕಾವಲು ಬೇಕು. ಜನ ಕೂಡಿ ಕಿತ್ತ ಹಳ್ಳಗಳು ಮತ್ತೆ ಜಾಲಿಗೆ ಬೀಳುವುದು ಈ ಎರಡು ಮೂರು ಬೇಸಿಗೆಯಲ್ಲಿ ಯಾರೂ ಇಲ್ಲದಾಗ.

ಮುಗಿದ ಮೇಲಿನ ಫೋಟೋ

ನರೇಗಾ ಕಾಮಗಾರಿಗಳಿಗೆ 2016ರಿಂದ ಜಿಯೋ ಟ್ಯಾಗ್ ಬಂತು. ಮುಂದೆ ಕೆಲಸಕ್ಕೆ ಮುಂಚೆ, ನಡುವೆ, ಮುಗಿದ ಮೇಲೆ ಅಂತ ಮೂರು ಹಂತದ ಫೋಟೋ ಕಡ್ಡಾಯವಾಯಿತು. ಇದು ಒಳ್ಳೆಯ ಹೆಜ್ಜೆ, ಜಾಗ ಎಲ್ಲಿ ಅಂತ ಯಾರು ಬೇಕಾದರೂ ನೋಡಬಹುದು. ಆದರೆ ಮೂರನೇ ಫೋಟೋ ತೆಗೆದಲ್ಲಿಗೆ ಕಥೆ ನಿಲ್ಲುತ್ತದೆ. ಗುತ್ತಿಗೆದಾರರು ಕಟ್ಟಿದ್ದಾದರೆ ದೋಷ ಸರಿಪಡಿಸುವ ಹೊಣೆಗೆ ಅವಧಿ ಇರುತ್ತದೆ, ಅದೂ ಕೆಲವೇ ವರ್ಷ. ಆ ಅವಧಿಯಲ್ಲಿ ದೊಡ್ಡ ಹಳ್ಳ ಬರದೇ ಇದ್ದರೆ ರಚನೆಗೆ ಪರೀಕ್ಷೆಯೇ ಆಗಿರುವುದಿಲ್ಲ. ಈ ಕೊರತೆ ನಮ್ಮದಷ್ಟೇ ಅಲ್ಲ. 2005ರಲ್ಲಿ ಅಮೆರಿಕದ 37,000ಕ್ಕೂ ಹೆಚ್ಚು ನದಿ ಪುನಶ್ಚೇತನ ಕೆಲಸಗಳ ದಾಖಲೆ ಒಟ್ಟು ಮಾಡಿದಾಗ, ಮುಂದೆ ಏನಾಯಿತು ಅಂತ ನೋಡಿದ ದಾಖಲೆ ಇದ್ದದ್ದು ಶೇ. 10ರಲ್ಲಿ ಮಾತ್ರ.

ನಾವು ನಾಲ್ಕನೇ ಫೋಟೋ ಶುರುಮಾಡಬಹುದು. ಪ್ರತಿ ವರ್ಷ ನವೆಂಬರ್‌ನಲ್ಲಿ, ಹಳ್ಳ ಇಳಿದ ಮೇಲೆ, ಅದೇ ಜಾಗದಲ್ಲಿ ನಿಂತು. ನಡುಗೋಡೆಯದ್ದಲ್ಲ, ಎರಡೂ ತುದಿಯದ್ದು ಮತ್ತು ಬುಡದ್ದು. ಜೊತೆಗೆ ಒಂದು ಗಳ ಇಳಿಸಿ ಹೂಳಿನ ಆಳ ಅಳೆದು ಬರೆಯುವುದು. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೋಗಿ ಯಾವ ಮಡುವಿನಲ್ಲಿ ಇನ್ನೂ ನೀರಿದೆ, ಅದರಲ್ಲಿ ಮೀನಿದೆಯಾ ಅಂತ ನೋಡುವುದು. ಒಂದು ಪಂಚಾಯಿತಿಗೆ ಇದು ಎರಡು ಮೂರು ದಿನದ ಕೆಲಸ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜು ಇದೆ, ಮಣ್ಣು ನೀರಿನ ವಿಷಯ ಓದುವ ಮಕ್ಕಳಿದ್ದಾರೆ. ಪ್ರತಿ ತಂಡಕ್ಕೂ ಒಂದೊಂದು ಹಳ್ಳ ಕೊಟ್ಟರೆ ಹತ್ತು ವರ್ಷದಲ್ಲಿ ನಮ್ಮದೇ ಅಂಕಿಅಂಶ ಇರುತ್ತದೆ. ಒರೆಗಾನ್‌ನ ಲೆಕ್ಕ ಓದಿ ಊಹೆ ಮಾಡುವುದು ತಪ್ಪುತ್ತದೆ.

ದುಡ್ಡಿನ ಕಡೆಯಿಂದ ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಬಾಂದಾರ ಮಂಜೂರು ಮಾಡುವಾಗಲೇ ಹಲಗೆ ಹಾಕಿ ತೆಗೆಯುವ ಕೂಲಿ, ಸೀಲ್ ಬದಲಿಸುವ ಖರ್ಚು, ವಿಂಗ್ ವಾಲ್ ಹಿಂದೆ ಪ್ರತಿ ಮೇ ತಿಂಗಳಲ್ಲಿ ಗರಸು ಮಣ್ಣು ತುಂಬಿ ಬಡಿಯುವ ಖರ್ಚು, ಇವನ್ನು ಹತ್ತು ವರ್ಷಕ್ಕೆ ಲೆಕ್ಕ ಹಾಕಿ ಬೇರೆ ಖಾತೆಯಲ್ಲಿ ಇಡಬೇಕು. ಅದಕ್ಕೆ ದುಡ್ಡು ಸಾಲದಿದ್ದರೆ ಐದು ಬಾಂದಾರದ ಬದಲು ನಾಲ್ಕು ಕಟ್ಟಲಿ. ಹಲಗೆಯ ಕೀಲಿ ಯಾರ ಹತ್ತಿರ ಇರಬೇಕು ಅನ್ನೋದು ದಂಡೆಯ ರೈತರ ಸಭೆಯಲ್ಲಿ ತೀರ್ಮಾನ ಆಗಲಿ. ಬೇಸಿಗೆಗೆ ನೀರು ಬೇಕಾಗಿರುವುದು ಅವರಿಗೆ, ಮಳೆಗಾಲದಲ್ಲಿ ದಂಡೆ ಕುಸಿದರೆ ಹೊಲ ಹೋಗುವುದೂ ಅವರದೇ. ಜೂನ್ ಮೊದಲ ವಾರ ಹಲಗೆ ತೆಗೆದಿದ್ದಾರಾ ಅಂತ ಯಾರೂ ಹೇಳದೆಯೇ ಹೋಗಿ ನೋಡುವವರೂ ಅವರೇ.